ಅಪಘಾತದ ನಂತರ ಒಂದು ಬಾಟಲಿ ನೀರು: ರಿಯಾಕ್ಟರ್ ಒಳಗೆ ಏನಾಗಿದೆ ಎಂದು ತಿಳಿಯುವುದು ಹೇಗೆ?



ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಪರಮಾಣು ವಿದ್ಯುತ್ ಸ್ಥಾವರದ ಬಗ್ಗೆ ಏಕೆ ಬರೆಯುತ್ತಿದ್ದಾಳೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಪಠ್ಯದಲ್ಲೇ ಇದೆ. ಪ್ರಥಮ ಪಿಯುಸಿ ಅರ್ಥಶಾಸ್ತ್ರದಲ್ಲಿ ಗಣತಿ ವಿಧಾನ, ಮಾದರಿ ವಿಧಾನ ಎಂದು ಓದಿದ್ದೇವೆ. ಎಲ್ಲವನ್ನೂ ಪರೀಕ್ಷಿಸಲು ಆಗದಿದ್ದಾಗ ಸ್ವಲ್ಪ ಭಾಗವನ್ನು ತೆಗೆದು ನೋಡುತ್ತೇವೆ. ಅದೇ ಮಾದರಿ. ಉರ್ದುವಿನಲ್ಲಿ ನಾವು ‘ನಮೂನಾ’ ಎನ್ನುತ್ತೇವೆ, ಕನ್ನಡದಲ್ಲೂ ‘ನಮೂನೆ’ ಎಂಬ ಪದವಿದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಆದರೆ ಪಾತ್ರೆಯ ಮುಚ್ಚಳ ತೆಗೆಯುವುದೇ ಅಪಾಯವಾಗಿದ್ದರೆ? ಆ ಒಂದು ಅಗುಳೇ ಕೈಯನ್ನು ಸುಡುವಂತಿದ್ದರೆ? ಪರಮಾಣು ಸ್ಥಾವರಗಳು ಈ ಪ್ರಶ್ನೆಗೆ ಉತ್ತರ ಕಂಡುಕೊಂಡದ್ದು ಒಂದು ದೊಡ್ಡ ಅಪಘಾತದ ನಂತರ.

ಶೀತಕ ಎಂದರೇನು?

ರಿಯಾಕ್ಟರ್ ಒಳಗೆ ಯುರೇನಿಯಂ ಇಂಧನದ ಬಿಲ್ಲೆಗಳನ್ನು ಜಿರ್ಕೋನಿಯಂ ಮಿಶ್ರಲೋಹದ ತೆಳುವಾದ ಕೊಳವೆಗಳಲ್ಲಿ ತುಂಬಿರುತ್ತಾರೆ. ವಿದಳನ ಕ್ರಿಯೆಯಿಂದ ಹುಟ್ಟುವ ಶಾಖವನ್ನು ಹೊತ್ತೊಯ್ಯಲು ಈ ಕೊಳವೆಗಳ ಸುತ್ತ ನೀರು ಹರಿಯುತ್ತದೆ. ಈ ನೀರೇ ಶೀತಕ. ರಿಯಾಕ್ಟರ್ ನಿಲ್ಲಿಸಿದ ಮೇಲೂ ಇಂಧನದಲ್ಲಿ ಶಾಖ ಹುಟ್ಟುತ್ತಲೇ ಇರುತ್ತದೆ. ಆದ್ದರಿಂದ ನೀರು ನಿಲ್ಲುವಂತಿಲ್ಲ.

ಕೊಳವೆಗಳು ಸರಿಯಾಗಿರುವವರೆಗೆ ವಿಕಿರಣಶೀಲ ವಸ್ತುಗಳು ಹೆಚ್ಚು ಕಡಿಮೆ ಅವುಗಳ ಒಳಗೇ ಉಳಿಯುತ್ತವೆ. ಕೊಳವೆ ಬಿರುಕು ಬಿಟ್ಟರೆ ಅವು ನೀರಿಗೆ ಬರುತ್ತವೆ. ಕಣ್ಣಿಗೆ ಕಾಣದ ಇಂಧನದ ಸ್ಥಿತಿಯನ್ನು ನೀರು ಹೇಳುತ್ತದೆ. ವೈದ್ಯರು ರಕ್ತ ಪರೀಕ್ಷೆಯಿಂದ ದೇಹದ ಒಳಗಿನ ಸ್ಥಿತಿ ತಿಳಿಯುವುದೂ ಹೀಗೆಯೇ.

1979ರ ತ್ರೀ ಮೈಲ್ ಐಲ್ಯಾಂಡ್

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಸಸ್ಕ್ವೆಹಾನಾ ನದಿಯ ದ್ವೀಪವೊಂದರಲ್ಲಿ ತ್ರೀ ಮೈಲ್ ಐಲ್ಯಾಂಡ್ ಸ್ಥಾವರವಿದೆ. 1979ರ ಮಾರ್ಚ್ 28ರ ಬೆಳಗಿನ ಜಾವ ಸುಮಾರು 4 ಗಂಟೆಗೆ ಅದರ 2ನೇ ಘಟಕದಲ್ಲಿ ತೊಂದರೆ ಶುರುವಾಯಿತು. ಒತ್ತಡ ಇಳಿಸಲು ತೆರೆದುಕೊಂಡ ಒಂದು ಕವಾಟ ಮತ್ತೆ ಮುಚ್ಚಲಿಲ್ಲ. ಅದು ಮುಚ್ಚಿದೆ ಎಂದೇ ನಿಯಂತ್ರಣ ಕೊಠಡಿಯವರು ತಿಳಿದರು. ನೀರು ಹೆಚ್ಚಾಗಿದೆ ಎಂದುಕೊಂಡು, ತುರ್ತಾಗಿ ಬರುತ್ತಿದ್ದ ನೀರನ್ನೂ ಕಡಿಮೆ ಮಾಡಿದರು. ನಿಜವಾಗಿ ಒಳಗೆ ನೀರು ಬರಿದಾಗುತ್ತಿತ್ತು. ಇಂಧನದ ಸುಮಾರು ಅರ್ಧ ಭಾಗ ಕರಗಿತು. ಇಷ್ಟು ಹಾನಿಯಾಗಿದೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. 1982ರಲ್ಲಿ ಕ್ಯಾಮೆರಾ ಇಳಿಸಿ ನೋಡಿದಾಗ, ಇಂಧನ ಇರಬೇಕಾದ ಕಡೆ ದೊಡ್ಡ ಖಾಲಿ ಜಾಗ ಕಂಡಿತು.

ಅಪಘಾತದ ಮರುದಿನ, ಮಾರ್ಚ್ 29ರಂದು, ಹಾನಿ ಎಷ್ಟಾಗಿದೆ ಎಂದು ತಿಳಿಯಲು ಶೀತಕದ ಮಾದರಿ ತೆಗೆದರು. ಅದು ಸುಮಾರು 100 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟದಷ್ಟು ನೀರು. ಅದರ ಮೇಲ್ಮೈಯಲ್ಲಿ ವಿಕಿರಣ ಗಂಟೆಗೆ 1000 ರೆಂಟ್ಜನ್‌ಗಿಂತ ಹೆಚ್ಚಿತ್ತು. ಮಾದರಿ ತೆಗೆಯುವ ಕೊಳವೆಗಳನ್ನೂ ಪ್ರಯೋಗಾಲಯವನ್ನೂ ಪ್ರತಿದಿನದ ಸಾಧಾರಣ ನೀರಿಗಾಗಿ ಕಟ್ಟಿದ್ದರು. ಇಂಥ ನೀರು ಬರಬಹುದು ಎಂದು ಯಾರೂ ಯೋಚಿಸಿರಲಿಲ್ಲ. ಈ ಅಪಘಾತದಲ್ಲಿ ಮೂವರು ನೌಕರರ ದೇಹಕ್ಕೆ 3ರಿಂದ 4 ರೆಮ್ ವಿಕಿರಣ ತಗುಲಿತು. ಆಗ ಮೂರು ತಿಂಗಳಿಗೆ ಇದ್ದ ಮಿತಿ 3 ರೆಮ್. ಮಾದರಿ ತೆಗೆಯುವ ಕೆಲಸ ಮಾಡಿದವರೂ ಅವರಲ್ಲಿ ಸೇರಿದ್ದರು.

ಇಲ್ಲಿ ಒಂದು ಲೆಕ್ಕ ನೋಡಿ. ಗಂಟೆಗೆ 300 ರೆಮ್ ಇರುವ ಜಾಗದಲ್ಲಿ ಒಬ್ಬರು 1 ನಿಮಿಷ ನಿಂತರೆ 300 ÷ 60 = 5 ರೆಮ್. ಅಂದರೆ ಮೂರು ತಿಂಗಳ ಮಿತಿ 1 ನಿಮಿಷದೊಳಗೇ ಮುಗಿಯುತ್ತದೆ. ಬಾಟಲಿಯ ಮುಚ್ಚಳ ಬಿಗಿ ಮಾಡಲು ತಡವಾದರೂ ಅದರ ಬೆಲೆಯನ್ನು ದೇಹ ತೆರಬೇಕು. ಆದ್ದರಿಂದ ಇಂಥ ಕಡೆ ಮೂರು ಮಾತು ಮುಖ್ಯ: ಕಡಿಮೆ ಸಮಯ, ಹೆಚ್ಚು ದೂರ, ದಪ್ಪ ರಕ್ಷಣೆ.

ಆ ನೀರಿನಲ್ಲಿ ಏನನ್ನು ಹುಡುಕುತ್ತಾರೆ?

1. ಕ್ಸೆನಾನ್, ಕ್ರಿಪ್ಟಾನ್, ಅಯೋಡಿನ್, ಸೀಸಿಯಂ: ಇವು ಕೊಳವೆ ಒಡೆದ ಕೂಡಲೇ ಹೊರಬರುವ ವಸ್ತುಗಳು. ಅಯೋಡಿನ್-131ರ ಅರ್ಧಾಯುಷ್ಯ ಸುಮಾರು 8 ದಿನ, ಸೀಸಿಯಂ-137ರದ್ದು ಸುಮಾರು 30 ವರ್ಷ.

2. ಬೇರಿಯಂ, ಸ್ಟ್ರಾನ್ಷಿಯಂ ಮುಂತಾದವು: ಇವು ಸುಲಭವಾಗಿ ಆವಿಯಾಗುವುದಿಲ್ಲ. ಇವು ಹೆಚ್ಚು ಪ್ರಮಾಣದಲ್ಲಿ ಸಿಕ್ಕರೆ ಕೊಳವೆ ಮಾತ್ರವಲ್ಲ, ಇಂಧನವೇ ವಿಪರೀತ ಕಾದಿದೆ ಅಥವಾ ಕರಗಿದೆ ಎಂದು ಅನುಮಾನಿಸಬೇಕು.

3. ಬೋರಾನ್: ಇದು ನ್ಯೂಟ್ರಾನ್‌ಗಳನ್ನು ಹೀರಿಕೊಂಡು ಸರಪಳಿ ಕ್ರಿಯೆಯನ್ನು ತಡೆಯುತ್ತದೆ. ಇದು ಕಡಿಮೆಯಾದರೆ ರಿಯಾಕ್ಟರ್ ಮತ್ತೆ ಚಾಲೂ ಆಗುವ ಭಯವಿರುತ್ತದೆ. ಅಪಘಾತದ ದಿನ ಬೆಳಿಗ್ಗೆ ತೆಗೆದ ಮಾದರಿಗಳಲ್ಲಿ ಬೋರಾನ್ ನಿರೀಕ್ಷೆಗಿಂತ ಕಡಿಮೆ ಕಂಡು ಅಲ್ಲಿದ್ದವರು ಗಾಬರಿಯಾಗಿದ್ದರು.

4. ಜಲಜನಕ: ಬಹಳ ಕಾದ ಜಿರ್ಕೋನಿಯಂ ಹಬೆಯೊಂದಿಗೆ ಸೇರಿದಾಗ ಜಲಜನಕ ಹುಟ್ಟುತ್ತದೆ. ಇದು ಹೊತ್ತಿಕೊಳ್ಳುವ ಅನಿಲ. ಮಾರ್ಚ್ 28ರ ಮಧ್ಯಾಹ್ನ ಸ್ಥಾವರದ ರಕ್ಷಣಾ ಕಟ್ಟಡದ ಒಳಗೆ ಜಲಜನಕ ಹೊತ್ತಿ ಉರಿದಿತ್ತು.

5. ಕ್ಲೋರೈಡ್: ಉಪ್ಪಿನ ಅಂಶ ಸೇರಿದರೆ ಉಕ್ಕಿನ ಕೊಳವೆಗಳು ನಿಧಾನವಾಗಿ ಬಿರುಕು ಬಿಡಬಹುದು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಬೇರೆ ದಾರಿಯಿಲ್ಲದೆ ಸಮುದ್ರದ ನೀರನ್ನೇ ರಿಯಾಕ್ಟರ್‌ಗಳಿಗೆ ಹಾಯಿಸಿದ್ದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

ಹೊಸ ನಿಯಮಗಳು

ಅಧ್ಯಕ್ಷ ಜಿಮ್ಮಿ ಕಾರ್ಟರ್ ನೇಮಿಸಿದ ತನಿಖಾ ಆಯೋಗಕ್ಕೆ ಜಾನ್ ಕೆಮೆನಿ ಮುಖ್ಯಸ್ಥರಾಗಿದ್ದರು. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರು ಇವರೇ. ಈ ಅಪಘಾತದ ಪಾಠಗಳನ್ನು ಆಧರಿಸಿ 1980ರಲ್ಲಿ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಎಲ್ಲಾ ಸ್ಥಾವರಗಳಿಗೆ ಅನೇಕ ಷರತ್ತುಗಳನ್ನು ಹಾಕಿತು. ಅಪಘಾತದ ನಂತರ ಮಾದರಿ ತೆಗೆಯುವ ವ್ಯವಸ್ಥೆ ಇರಲೇಬೇಕು ಎಂಬುದು ಅವುಗಳಲ್ಲಿ ಒಂದು. ಮುಖ್ಯ ಅಂಶಗಳು ಹೀಗಿದ್ದವು:

ಮಾದರಿ ಬೇಕೆಂದು ತೀರ್ಮಾನಿಸಿದ 3 ಗಂಟೆಯೊಳಗೆ ಅದನ್ನು ತೆಗೆದು ಪರೀಕ್ಷೆಯನ್ನೂ ಮುಗಿಸಬೇಕು. ಕ್ಲೋರೈಡ್ ಪರೀಕ್ಷೆಗೆ ಮಾತ್ರ ಹೆಚ್ಚಿನ ಸಮಯವಿತ್ತು. ಈ ಕೆಲಸ ಮಾಡುವ ಯಾರ ದೇಹಕ್ಕೂ 5 ರೆಮ್‌ಗಿಂತ ಹೆಚ್ಚು ವಿಕಿರಣ ತಗುಲಬಾರದು. ಮಾದರಿ ತೆಗೆಯುವ ಮೊದಲು ಕೊಳವೆಯಲ್ಲಿ ನಿಂತ ಹಳೆಯ ನೀರನ್ನು ಹೊರಹಾಕುವಂತಿರಬೇಕು. ಇಲ್ಲವಾದರೆ ನಿನ್ನೆಯ ನೀರನ್ನು ಪರೀಕ್ಷಿಸಿ ಇಂದಿನ ಸ್ಥಿತಿ ಹೇಳಿದಂತಾಗುತ್ತದೆ. ಉಳಿದ ನೀರನ್ನು ಚರಂಡಿಗೆ ಬಿಡದೆ ರಕ್ಷಣಾ ಕಟ್ಟಡಕ್ಕೆ ಅಥವಾ ಮುಚ್ಚಿದ ವ್ಯವಸ್ಥೆಗೇ ಹಿಂದಿರುಗಿಸಬೇಕು. ಮಾದರಿ ಕೊಠಡಿಯಿಂದ ಹೊರಹೋಗುವ ಗಾಳಿಯನ್ನು ಇದ್ದಿಲಿನ ಸೋಸುಕಗಳಲ್ಲಿ ಸೋಸಬೇಕು. ಯಂತ್ರವೇ ಪರೀಕ್ಷೆ ಮಾಡುವ ಏರ್ಪಾಡಿದ್ದರೂ, ಅದು ಕೆಟ್ಟರೆ ಬೇರೆಯಾಗಿ ಮಾದರಿ ತೆಗೆಯುವ ದಾರಿ ಇರಬೇಕು.

ಇದಕ್ಕಾಗಿ ಸೀಸದ ಗೋಡೆಯ ಹಿಂದೆ, ದೂರದಿಂದ ತಿರುಗಿಸುವ ಕವಾಟಗಳ ವ್ಯವಸ್ಥೆ ಬಂತು. ಬಾಟಲಿ ತುಂಬಾ ನೀರಿನ ಬದಲು ಕೆಲವೇ ಹನಿಗಳನ್ನು ತೆಗೆದು, ಅದಕ್ಕೆ ಅನೇಕ ಪಟ್ಟು ಶುದ್ಧ ನೀರು ಬೆರೆಸಿ ಪರೀಕ್ಷಿಸಿದರೆ ಅಪಾಯ ಕಡಿಮೆ. ಎಷ್ಟು ಪಟ್ಟು ಬೆರೆಸಿದ್ದೇವೋ ಅಷ್ಟರಿಂದ ಉತ್ತರವನ್ನು ಗುಣಿಸಿದರಾಯಿತು. ಆದರೆ ಬೆರೆಸುವಾಗ ಸಣ್ಣ ತಪ್ಪಾದರೂ ಉತ್ತರವೂ ತಪ್ಪಾಗುತ್ತದೆ. ಆದ್ದರಿಂದಲೇ ಸಿಬ್ಬಂದಿಗೆ ಮೊದಲೇ ತರಬೇತಿ, ಅಣಕು ಅಭ್ಯಾಸ ಬೇಕಾಗುತ್ತದೆ.

ಅಂಕಿ ಸಾಲದು, ವಿಳಾಸವೂ ಬೇಕು

ಮಾರ್ಚ್ 30ರಂದು ತ್ರೀ ಮೈಲ್ ಐಲ್ಯಾಂಡ್‌ನ ಹೊಗೆ ಕೊಳವೆಯ ಮೇಲೆ ಹೆಲಿಕಾಪ್ಟರ್‌ನಿಂದ ಅಳೆದಾಗ ಗಂಟೆಗೆ 1200 ಮಿಲಿರೆಮ್ ಕಂಡಿತು. ಅದು ಸ್ಥಾವರದ ಹೊರಗೆ, ಜನ ವಾಸಿಸುವ ಕಡೆ ಅಳೆದದ್ದು ಎಂದು ದೂರದ ಅಧಿಕಾರಿಗಳು ತಿಳಿದುಕೊಂಡರು. ಗೊಂದಲ ಹಬ್ಬಿತು. ಅದೇ ದಿನ 5 ಮೈಲಿ ಒಳಗಿನ ಗರ್ಭಿಣಿಯರು ಮತ್ತು ಶಾಲೆಗೆ ಹೋಗದ ಚಿಕ್ಕ ಮಕ್ಕಳು ಊರು ಬಿಡುವಂತೆ ರಾಜ್ಯಪಾಲರು ಸಲಹೆ ನೀಡಿದರು. ಆ ದಿನಗಳಲ್ಲಿ ಸುಮಾರು 1,40,000 ಜನ ಮನೆ ಬಿಟ್ಟು ಹೋದರು.

ಅಂಕಿ ಸರಿಯಾಗಿಯೇ ಇತ್ತು. ಎಲ್ಲಿ ಅಳೆದದ್ದು ಎಂಬುದು ಅದರ ಜೊತೆಯಲ್ಲಿ ಹೋಗಲಿಲ್ಲ. ನಾವು ಲೆಕ್ಕಶಾಸ್ತ್ರದಲ್ಲಿ ದಿನಾಂಕ, ವಿವರ ಇಲ್ಲದ ವೋಚರ್ ಅನ್ನು ಒಪ್ಪುವುದಿಲ್ಲ. ಮಾದರಿಗೂ ಅದೇ ನಿಯಮ. ಎಲ್ಲಿಂದ, ಯಾವಾಗ, ಎಷ್ಟು ಬೆರೆಸಿ ತೆಗೆದದ್ದು ಎಂಬ ಚೀಟಿ ಇಲ್ಲದಿದ್ದರೆ ಅದು ಬರೀ ನೀರು. ನಮ್ಮ ಮನೆಗಳಲ್ಲಿ ‘ಅಮಾನತ್’ ಎಂದರೆ ಒಬ್ಬರು ನಂಬಿ ಒಪ್ಪಿಸಿದ ವಸ್ತು. ಅದನ್ನು ಇದ್ದ ಹಾಗೆಯೇ ಮುಂದಕ್ಕೆ ತಲುಪಿಸಬೇಕು. ಮಾದರಿಯೂ ಒಂದು ಅಮಾನತ್.

ನಿಯಮ ಮತ್ತೆ ಬದಲಾಯಿತು

ಇಷ್ಟು ಖರ್ಚು ಮಾಡಿ ಕಟ್ಟಿದ ವ್ಯವಸ್ಥೆಯನ್ನು ಕಡ್ಡಾಯದಿಂದ ಕೈಬಿಡಲು 2000ದಲ್ಲಿ ಅದೇ ಆಯೋಗ ಅನುಮತಿ ಕೊಡತೊಡಗಿತು. ಇದು ನನಗೆ ಆಶ್ಚರ್ಯ ತಂದ ಭಾಗ. ಕಾರಣ ಹೀಗಿದೆ: ಇಂಧನದ ಮೇಲಿನ ತಾಪಮಾಪಕಗಳು, ನೀರಿನ ಮಟ್ಟದ ಮಾಪಕಗಳು, ಕಟ್ಟಡದೊಳಗಿನ ವಿಕಿರಣ ಮತ್ತು ಜಲಜನಕ ಮಾಪಕಗಳು ಅಪಘಾತದ ಮೊದಲ ಗಂಟೆಗಳಲ್ಲಿ ಬೇಗ ಮಾಹಿತಿ ಕೊಡುತ್ತವೆ. ಮಾದರಿಯ ಉತ್ತರ ಬರುವಷ್ಟರಲ್ಲಿ ತೀರ್ಮಾನದ ಸಮಯ ಮೀರಿರಬಹುದು, ಜೊತೆಗೆ ನೌಕರರಿಗೂ ಅಪಾಯ. ಆದರೂ ಅತಿ ವಿಕಿರಣವಿರುವ ನೀರು ಮತ್ತು ಗಾಳಿಯ ಮಾದರಿ ತೆಗೆಯುವ ಯೋಜನೆ ಸಿದ್ಧವಾಗಿರಬೇಕು ಎಂಬ ಷರತ್ತು ಉಳಿಯಿತು.

ಇದು ಲಾಭ-ವೆಚ್ಚದ ಲೆಕ್ಕ. ಇಲ್ಲಿ ವೆಚ್ಚ ಎಂದರೆ ಹಣ ಮಾತ್ರವಲ್ಲ, ಒಬ್ಬ ನೌಕರನ ದೇಹಕ್ಕೆ ತಗುಲುವ ರೆಮ್ ಕೂಡ. ಆ ನೀರು ಕೊಡುವ ಮಾಹಿತಿಯಿಂದ ತೀರ್ಮಾನ ಬದಲಾಗುವುದಾದರೆ ಮಾತ್ರ ಒಬ್ಬರನ್ನು ಅಲ್ಲಿಗೆ ಕಳುಹಿಸುವುದು ನ್ಯಾಯ.

ನಮ್ಮ ಕೈಗಾ

ನಮ್ಮ ರಾಜ್ಯದ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಳಿ ನದಿಯ ಬಳಿ ಕೈಗಾ ಸ್ಥಾವರವಿದೆ. ಅಲ್ಲಿ ತಲಾ 220 ಮೆಗಾವಾಟ್‌ನ 4 ಘಟಕಗಳು ಇವೆ. ಅವುಗಳಲ್ಲಿ ಭಾರಜಲವನ್ನು ಶೀತಕವಾಗಿ ಬಳಸುತ್ತಾರೆ. 2009ರ ನವೆಂಬರ್‌ನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರ್ ಒಂದಕ್ಕೆ ಟ್ರೀಷಿಯಂ ಇರುವ ನೀರು ಸೇರಿದ್ದು ಸುದ್ದಿಯಾಯಿತು. ಅದು ರಿಯಾಕ್ಟರ್ ಅಪಘಾತ ಆಗಿರಲಿಲ್ಲ. ಆದರೆ ವಿಷಯ ಬೆಳಕಿಗೆ ಬಂದದ್ದು ನೌಕರರ ಮೂತ್ರದ ಮಾದರಿಗಳನ್ನು ನಿಯಮಿತವಾಗಿ ಪರೀಕ್ಷಿಸುತ್ತಿದ್ದುದರಿಂದ. ಅನುಮಾನ ಬರುವ ಮೊದಲೇ ಪರೀಕ್ಷೆಯ ಅಭ್ಯಾಸ ಇದ್ದದ್ದು ಉಪಯೋಗಕ್ಕೆ ಬಂತು.

ನೆನಪಿನಲ್ಲಿಡಬೇಕಾದ ಅಂಶಗಳು

1. ಶೀತಕದ ಮಾದರಿಯು ಇಂಧನದ ಸ್ಥಿತಿಯನ್ನು ತಿಳಿಸುತ್ತದೆ.
2. ಸಾಧಾರಣ ದಿನಕ್ಕೆಂದು ಕಟ್ಟಿದ ವ್ಯವಸ್ಥೆ ಅಪಘಾತದ ದಿನ ಸಾಲುವುದಿಲ್ಲ.
3. ಮಾದರಿ ತೆಗೆಯುವವರ ಸುರಕ್ಷತೆಯೂ ಲೆಕ್ಕದ ಒಂದು ಭಾಗ.
4. ಸ್ಥಳ, ಸಮಯ ಬರೆಯದ ಅಂಕಿ ಜನರನ್ನು ದಾರಿ ತಪ್ಪಿಸಬಹುದು.

ವಿಜ್ಞಾನ ವಿಭಾಗದ ಸ್ನೇಹಿತರಿಗೆ ಒಂದು ಪ್ರಶ್ನೆ: 1 ಮಿಲಿಲೀಟರ್ ಮಾದರಿಗೆ ಶುದ್ಧ ನೀರು ಸೇರಿಸಿ ಒಟ್ಟು 1 ಲೀಟರ್ ಮಾಡಿದ್ದಾರೆ. ಅದರಲ್ಲಿ ಬೋರಾನ್ ಪ್ರತಿ ಲೀಟರ್‌ಗೆ 0.9 ಮಿಲಿಗ್ರಾಂ ಸಿಕ್ಕಿದೆ. ಹಾಗಾದರೆ ಮೂಲ ಶೀತಕದಲ್ಲಿ ಎಷ್ಟಿತ್ತು? ಪೈಪೆಟ್‌ನಲ್ಲಿ 1 ಮಿಲಿಲೀಟರ್ ಬದಲು 1.1 ಮಿಲಿಲೀಟರ್ ಬಂದಿದ್ದರೆ ಉತ್ತರ ಎಷ್ಟು ಬದಲಾಗುತ್ತದೆ? ಲೆಕ್ಕ ಮಾಡಿ ನೋಡಿ.