ಇಂದಿನ ಪಾಠ ಇಂದೇ: ಕಾಲೇಜು ವಿದ್ಯಾರ್ಥಿಗಳು ಮತ್ತು ವಿಳಂಬ ಪ್ರವೃತ್ತಿ

ಪಾಠವನ್ನು ನಾಳೆಗೆ ಮುಂದೂಡುವ ಅಭ್ಯಾಸ ಕಾಲೇಜು ವಿದ್ಯಾರ್ಥಿಗಳಲ್ಲಿ ಸರ್ವೇಸಾಮಾನ್ಯವಾದುದು. ಶಾಲೆಯಲ್ಲಿ ಮನೆಪಾಠವನ್ನು ಮರುದಿನವೇ ಒಪ್ಪಿಸಬೇಕಾಗಿತ್ತು. ಕಾಲೇಜಿನಲ್ಲಿ ಹಾಗಲ್ಲ, ಪರೀಕ್ಷೆಯು ತಿಂಗಳುಗಳಷ್ಟು ದೂರವಿರುತ್ತದೆ, ದಿನಚರಿಯನ್ನು ರೂಪಿಸಿಕೊಳ್ಳುವ ಹೊಣೆ ವಿದ್ಯಾರ್ಥಿಯದೇ ಆಗುತ್ತದೆ. ಉನ್ನತ ಶಿಕ್ಷಣಕ್ಕಾಗಿ ಚೆನ್ನೈ ನಗರಕ್ಕೆ ಬರುವ ಕನ್ನಡ ಯುವಜನರಲ್ಲಿ ಅನೇಕರು ಈ ಸ್ವಾತಂತ್ರ್ಯವನ್ನು ಮೊದಲ ಬಾರಿಗೆ ಕಾಣುವುದು ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ.

ಬಾಕಿಯ ಹೊರೆ

ತೇರ್ಗಡೆಯಾಗದೆ ಉಳಿದ ಪತ್ರಿಕೆಯನ್ನು ಚೆನ್ನೈಯ ವಿದ್ಯಾರ್ಥಿಗಳು ‘ಅರಿಯರ್’ ಎನ್ನುತ್ತಾರೆ. ಹೆಸರೇ ಹೇಳುವಂತೆ ಇದು ಬಾಕಿ. ಮುಂದಿನ ಸೆಮಿಸ್ಟರಿನ ಪತ್ರಿಕೆಗಳೊಡನೆ ಇದನ್ನೂ ಬರೆಯಬೇಕಾದುದರಿಂದ ಹೊರೆ ಇಮ್ಮಡಿಯಾಗುತ್ತದೆ. ಬಾಕಿ ಪತ್ರಿಕೆಗಳಿರುವವರನ್ನು ಅನೇಕ ಕಂಪನಿಗಳು ಕ್ಯಾಂಪಸ್ ಸಂದರ್ಶನಕ್ಕೆ ಕರೆಯುವುದಿಲ್ಲ. ಸಾಲ ಮಾಡಿ ಓದಿಸುವ ಕುಟುಂಬಕ್ಕೆ ಇದರ ಪೆಟ್ಟು ಸಣ್ಣದಲ್ಲ.

ಕೊನೆಯ ವಾರವನ್ನೇ ನಂಬಿದವರಿಗೆ ಇಲ್ಲಿ ಇನ್ನೊಂದು ಅಪಾಯವೂ ಇದೆ. ವರ್ಷಾಂತ್ಯದ ಪರೀಕ್ಷೆಗಳು ಬರುವುದು ಈಶಾನ್ಯ ಮಾರುತದ ಮಳೆಗಾಲದಲ್ಲಿ. 2023ರ ಡಿಸೆಂಬರ್ ತಿಂಗಳಲ್ಲಿ ಮಿಚಾಂಗ್ ಚಂಡಮಾರುತ ಬೀಸಿದಾಗ ನಗರದ ಅನೇಕ ಬಡಾವಣೆಗಳು ಜಲಾವೃತವಾಗಿ, ದಿನಗಟ್ಟಲೆ ವಿದ್ಯುತ್ ಇಲ್ಲದಾಯಿತು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಓದುವವರಿಗೆ ಅಂತಹ ದಿನಗಳಲ್ಲಿ ಬೇರೆ ದಾರಿಯಿರುವುದಿಲ್ಲ.

ಕಾರಣವೇನು?

ವಿಳಂಬಕ್ಕೆ ಸೋಮಾರಿತನವೊಂದೇ ಕಾರಣವೆಂಬುದು ತಪ್ಪು ಕಲ್ಪನೆ. ಕಷ್ಟವೆನಿಸುವ ಕೆಲಸದ ನೆನಪೇ ಮನಸ್ಸಿನಲ್ಲಿ ಆತಂಕ ಹುಟ್ಟಿಸುತ್ತದೆ. ಪುಸ್ತಕವನ್ನು ಮುಚ್ಚಿ ಮೊಬೈಲ್ ತೆರೆದ ಕೂಡಲೇ ಆ ಆತಂಕ ಕ್ಷಣಕಾಲ ಶಮನಗೊಳ್ಳುತ್ತದೆ. ಈ ತಾತ್ಕಾಲಿಕ ನೆಮ್ಮದಿಯೇ ಅಭ್ಯಾಸವನ್ನು ಬೇರೂರಿಸುತ್ತದೆ. ಫಲವು ದೂರವಿದ್ದಷ್ಟೂ ಇಂದಿನ ಶ್ರಮಕ್ಕೆ ಬೆಲೆಯಿಲ್ಲವೆಂದು ತೋರುವುದು ಮತ್ತೊಂದು ಕಾರಣ.

ಪರಿಹಾರ ಮಾರ್ಗಗಳು

1. ಕೆಲಸವನ್ನು ಒಡೆಯುವುದು: ‘ಅರ್ಥಶಾಸ್ತ್ರ ಓದಬೇಕು’ ಎಂಬ ಸಂಕಲ್ಪ ಅಸ್ಪಷ್ಟವಾದುದು. ‘ಮೊದಲ ಅಧ್ಯಾಯದ ನಾಲ್ಕು ಪುಟಗಳು’ ಎಂಬುದು ಸ್ಪಷ್ಟ. ಅದನ್ನು ಇಂದೇ ಮುಗಿಸಬಹುದು.

2. ಸ್ಥಳ, ಸಮಯಗಳನ್ನು ನಿಗದಿಪಡಿಸುವುದು: ಯಾವಾಗ, ಎಲ್ಲಿ, ಹೇಗೆ ಎಂಬುದನ್ನು ಮುಂಚಿತವಾಗಿ ನಿರ್ಧರಿಸಿದವರು ಸಂಕಲ್ಪವನ್ನು ಹೆಚ್ಚಾಗಿ ನೆರವೇರಿಸುತ್ತಾರೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ತೋರಿಸಿಕೊಟ್ಟಿದ್ದಾರೆ. ‘ಸಂಜೆಯ ಊಟವಾದ ಕೂಡಲೇ ಮೇಜಿನ ಮುಂದೆ ಕುಳಿತು ಒಂದು ಲೆಕ್ಕ ಬಿಡಿಸುವುದು’ ಎಂಬಂತಹ ಸಂಕಲ್ಪ ಉತ್ತಮ. ಕೊಠಡಿಯಲ್ಲಿ ಗದ್ದಲವಿದ್ದರೆ ಚೆನ್ನೈಯಲ್ಲಿ ಗ್ರಂಥಾಲಯಗಳಿಗೆ ಕೊರತೆಯಿಲ್ಲ. ಎಗ್ಮೋರಿನಲ್ಲಿ 1896ರಲ್ಲಿ ತೆರೆದ ಕನ್ನೆಮರಾ ಸಾರ್ವಜನಿಕ ಗ್ರಂಥಾಲಯವಿದೆ. ಕೋಟೂರುಪುರದಲ್ಲಿ 2010ರಲ್ಲಿ ಆರಂಭವಾದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ ಸ್ವಂತ ಪುಸ್ತಕಗಳನ್ನು ತಂದು ಓದುವವರಿಗೆಂದೇ ಪ್ರತ್ಯೇಕ ವಿಭಾಗವಿದೆ.

3. ತನ್ನನ್ನು ಹಳಿದುಕೊಳ್ಳದಿರುವುದು: ಮೊದಲ ಪರೀಕ್ಷೆಗೆ ತಡವಾಗಿ ಓದಿದುದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ವಿಳಂಬ ಮಾಡಿದರೆಂದು ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ವರದಿ ಮಾಡಿದ್ದಾರೆ. ಪಶ್ಚಾತ್ತಾಪದಲ್ಲಿ ಕಳೆಯುವ ಹೊತ್ತೂ ಕಾಲಹರಣವೇ.

4. ನೆರವು ಕೇಳುವುದು: ಅರ್ಥವಾಗದ ಪಾಠವೇ ಹೆಚ್ಚಾಗಿ ಮುಂದೂಡಲ್ಪಡುತ್ತದೆ, ಅಧ್ಯಾಪಕರನ್ನು ಕೇಳಲು ಸಂಕೋಚ ಸಲ್ಲದು. ನಿದ್ರೆ ಕೆಟ್ಟು ನಿರಾಶೆ ವಾರಗಟ್ಟಲೆ ಮುಂದುವರಿದರೆ ಅದು ಕೇವಲ ವಿಳಂಬವಲ್ಲದಿರಬಹುದು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ದೂರವಾಣಿ ಸೇವೆಯ ಸಂಖ್ಯೆ 14416. ಕರೆ ಉಚಿತ, ಸೇವೆ ಹಗಲಿರುಳೂ ಲಭ್ಯ.

ಹನಿಗೂಡಿದರೆ ಹಳ್ಳ

ದೊಡ್ಡ ಕಾರ್ಯವು ಸಣ್ಣ ದುಡಿಮೆಗಳ ಮೊತ್ತವೆಂಬುದಕ್ಕೆ ಕನ್ನಡಿಗರಿಗೆ ಸುಪರಿಚಿತವಾದ ನಿದರ್ಶನವೊಂದಿದೆ. ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರು ಒಂದೊಂದೇ ಪದವನ್ನು ಕಲೆಹಾಕಿ, ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು. ಅದನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದರು. ಮದರಾಸು ವಿಶ್ವವಿದ್ಯಾಲಯವು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಅಂತಹ ಗ್ರಂಥವು ಕೊನೆಯ ವಾರದ ಜಾಗರಣೆಯಿಂದ ಸಿದ್ಧವಾಗಲಾರದು.

ನಾಳೆ ಎಂದವನ ಮನೆ ಹಾಳು ಎಂಬ ಗಾದೆ ಕಟುವಾಗಿ ಕೇಳಿಸಬಹುದು. ಅದರ ತಾತ್ಪರ್ಯ ಸರಳವಾದುದು: ಇಡೀ ಪುಸ್ತಕ ಇಂದೇ ಮುಗಿಯಬೇಕಾಗಿಲ್ಲ, ಮೊದಲ ಪುಟ ಇಂದು ತೆರೆಯಬೇಕು.