ತೆಂಗಿನ ಸೀಮೆಯಿಂದ ತೆಂಗಿನ ಸೀಮೆಗೆ

ಪರದೇಶಕ್ಕೆ ಸುವಾರ್ತಾಯಾತ್ರೆ ಹೊರಡುವವನು ಎಲ್ಲಕ್ಕಿಂತ ಮೊದಲು ತನ್ನೂರಿನ ಬೆಳೆಯ ಕಾಲವನ್ನು ನೋಡಿಕೊಳ್ಳಬೇಕೆಂಬುದು ನನಗೆ ಯಾವ ಧರ್ಮಗ್ರಂಥದಿಂದಲೂ ತಿಳಿದುದಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಸಣ್ಣ ಸಭೆಗಳವರು ಕೆಲವರು ಕೂಡಿ, ಕೀನ್ಯಾ ದೇಶದಲ್ಲಿ ಮೊಂಬಾಸಾ ಸಮೀಪದ ಒಂದು ಗ್ರಾಮಸಭೆಗೆ ಅತಿಥಿಗಳಾಗಿ ಹೋಗಿಬರುವುದೆಂದು ನಿಶ್ಚಯಿಸಿದಾಗ ಅದು ತಾನಾಗಿಯೇ ವಿದಿತವಾಯಿತು. ಆಗಸ್ಟ್ ಎಂದರೆ ಅಜ್ಜಂಪುರದವರು ಈರುಳ್ಳಿ ಕೀಳುವ ಕಾಲವೆಂದರು; ನವೆಂಬರ್ ಎಂದರೆ ತರೀಕೆರೆಯವರಿಗೆ ಅಡಕೆಯ ಕೊಯಿಲು, ಸುಲಿತ, ಬೇಯಿಸುವ ಹಂಡೆಯ ಮುಂದೆ ರಾತ್ರಿಯ ಜಾಗರಣೆ; ಏಪ್ರಿಲ್, ಮೇ ತಿಂಗಳುಗಳು ನನ್ನಂಥ ಮೇಷ್ಟರಿಗೆ ಬಿಡುವಾದರೂ ಆ ಕರಾವಳಿಯಲ್ಲಿ ಅದು ದೊಡ್ಡ ಮಳೆಯ ಋತು. ಕಡೆಗೆ ಜನವರಿಯ ಉತ್ತರಾರ್ಧ ಎಲ್ಲರಿಗೂ ಒಪ್ಪಿತವಾಯಿತು.

ಹಣದ ಮಾತು ಬಂದಾಗ ಸುಗ್ಗಿ ಹಬ್ಬದ ಹರಾಜೇ ನಮಗೆ ಗತಿ. ದೇವಾಲಯದ ಅಂಗಳದಲ್ಲಿ ತೆಂಗಿನಕಾಯಿ, ಕುಂಬಳ, ಅಡಕೆಯ ಗೊನೆ, ಕಾಲು ಕಟ್ಟಿದ ಹುಂಜಗಳ ನಡುವೆ ನಿಂತ ಕೂಗುವಾತ, "ಒಂದು ಸಾರಿ, ಎರಡು ಸಾರಿ" ಎಂದು ಮೂರನೆಯದನ್ನು ಬೇಕೆಂದೇ ನುಂಗಿಕೊಳ್ಳುತ್ತ ಜನರ ಮುಖ ನೋಡುತ್ತಿದ್ದನು. ಒಂದು ಹುಂಜವನ್ನಂತೂ ಕೊಂಡವರು ಮತ್ತೆ ಸಭೆಗೇ ಬಿಟ್ಟು, ಅದು ಮತ್ತೆ ಹರಾಜಾಗಿ, ಹೀಗೆ ಕೈಯಿಂದ ಕೈಗೆ ಸಾಗಿ ಪೇಟೆಯಲ್ಲಿ ಒಂದು ಬುಟ್ಟಿ ಕೋಳಿಗೆ ಸಲ್ಲುವಷ್ಟು ಬೆಲೆ ತಂದಿತು. ತೋಟದ ಕೂಲಿಗೆ ಹೋಗುವ ಹೆಂಗಸೊಬ್ಬರು ನೂರು ರೂಪಾಯಿ ಕೊಟ್ಟು ಒಂದೇ ಒಂದು ತೆಂಗಿನಕಾಯಿ ಹಿಡಿದು, ನನ್ನ ಬಳಿಗೆ ಬಂದು, "ಮೇಷ್ಟ್ರೇ, ಅಷ್ಟು ದೂರ ಹೋಗಿ ನೀವು ಏನ್ ಮಾಡ್ತೀರಾ?" ಎಂದು ಕೇಳಿದರು. ಸುವಾರ್ತೆ ಸಾರುತ್ತೇವೆನ್ನೋಣವೆಂದರೆ ಅಲ್ಲಿಯ ಸಭೆ ನಮ್ಮ ಸಭೆಗಳನ್ನೆಲ್ಲ ಕೂಡಿಸಿದರೂ ಅದಕ್ಕಿಂತ ದೊಡ್ಡದು.

ಈ ಪ್ರಶ್ನೆಗೆ ನಮ್ಮ ಯುವಕರು ಕೊಟ್ಟ ಉತ್ತರ, ಅಲ್ಲಿಯ ಶಾಲೆಯ ಗೋಡೆಗೆ ಬಣ್ಣ ಬಳಿಯುವುದು. ನಾನು ಇದನ್ನು ವಿರೋಧಿಸಿದೆನು; ಏಕೆಂದರೆ ನಮ್ಮ ಕಡೆಯ ಒಂದು ಶಾಲೆಗೆ ಹಿಂದೆ ಪರದೇಶದ ಅತಿಥಿಗಳು ಬಂದು, ಬಿಸಿಲಲ್ಲಿ ಬೆವರು ಸುರಿಸಿ ಬಳಿದ ಬಣ್ಣವನ್ನು, ಅವರು ವಿಮಾನವೇರಿದ ಕೆಲವೇ ದಿನಗಳಲ್ಲಿ ಊರಿನ ಪೇಂಟರನಿಂದ ಮತ್ತೆ ಬಳಿಸಿದುದನ್ನು ಕಂಡವನು ನಾನು. ಅವರ ಸದುದ್ದೇಶದಲ್ಲಿ ಲೇಶವೂ ಕೊರತೆಯಿರಲಿಲ್ಲ, ನಾವೂ ಅವರನ್ನು ಹಾರ ಹಾಕಿಯೇ ಬೀಳ್ಕೊಟ್ಟೆವು; ಆದರೆ ಅವರ ಒಂದು ಟಿಕೇಟಿನ ಬೆಲೆಯಲ್ಲಿ ಆ ಪೇಂಟರನಿಗೆ ಒಂದು ವರ್ಷದ ಕೆಲಸ ಸಿಕ್ಕುತ್ತಿತ್ತೆಂಬುದನ್ನು ಅವರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಅತಿಥಿಯ ಉಪಕಾರವನ್ನು ಸಹಿಸಿ ಅಭ್ಯಾಸವಿರುವ ನಾವೇ ಇನ್ನೊಬ್ಬರ ಮನೆಗೆ ಹೊರಟಾಗ ಅದನ್ನು ಮರೆತರೆ ಹೇಗೆ?

ಸಿದ್ಧತೆಯ ಸಂಜೆಗಳಲ್ಲಿ ನಾನು ನಮ್ಮ ಯುವಕರಿಗೆ ಹಳೆಯ ಚರಿತ್ರೆಯನ್ನು ಓದಿ ಹೇಳಿದೆನು. 1853ರಲ್ಲಿ ಇಲ್ಲಿಗೆ ಬಂದು, 1894ರಲ್ಲಿ ತಮ್ಮ ಕನ್ನಡ ನಿಘಂಟನ್ನು ಹೊರತಂದ ಕಿಟೆಲ್ಲರು ವ್ಯಾಸಂಗ ಮಾಡಿದ ಬಾಸೆಲಿನ ಸೆಮಿನರಿಯಲ್ಲಿಯೇ ಅವರಿಗಿಂತ ಮೊದಲು ಕಲಿತ ಯೋಹಾನ್ ಲುಡ್ವಿಗ್ ಕ್ರಾಪ್ಫ್ ಎಂಬಾತನು, ಇಂಗ್ಲೆಂಡಿನ ಮಿಷನ್ನೊಂದರ ಪರವಾಗಿ 1844ರಲ್ಲಿ ಮೊಂಬಾಸಾದಲ್ಲಿಳಿದು, ಕೆಲವೇ ತಿಂಗಳಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಆ ಮಣ್ಣಿಗೊಪ್ಪಿಸಿ, ಅಲ್ಲಿಯೇ ನಿಂತು, 1846ರಲ್ಲಿ ಅದೇ ಸೆಮಿನರಿಯ ರೆಬ್ಮಾನನೊಡನೆ ಸಮೀಪದ ರಬಾಯಿಯಲ್ಲಿ ನೆಲೆಯೂರಿ, ಸ್ವಾಹಿಲಿ ಭಾಷೆಗೆ 1850ರಲ್ಲಿ ವ್ಯಾಕರಣ ಬರೆದನು. ಅವನ ನಿಘಂಟು ಪ್ರಕಟವಾದುದು ಅವನು ತೀರಿಕೊಂಡ ಮರುವರ್ಷ, 1882ರಲ್ಲಿ. ಆ ಕಾಲದ ಮಿಷನರಿಗಳ ಅಹಂಕಾರಗಳನ್ನು ನಾನು ಅರಿಯದವನಲ್ಲ. ಆದರೂ ನಾಲ್ಕು ಮಾತಾಡುವುದಕ್ಕೆ ಮೊದಲು ಎದುರಿನವರ ನುಡಿಗೆ ಆಯುಷ್ಯವನ್ನು ತೆತ್ತ ಅವರ ಮುಂದೆ, ಕೆಲವು ವಾರಗಳ ರಜೆ ಹಾಕಿ ಹೊರಟ ನಾವು ಯಾವ ಬಾಯಲ್ಲಿ ಬೋಧಿಸುವುದು? ಯುವಕರು ಬಣ್ಣದ ಮಾತನ್ನು ಅಲ್ಲಿಗೇ ಬಿಟ್ಟರು. ಮೈಸೂರಿನಲ್ಲಿ ಓದುತ್ತಿದ್ದ ಕೀನ್ಯಾದ ವಿದ್ಯಾರ್ಥಿಯೊಬ್ಬನು ಸಂಜೆಯ ಹೊತ್ತು ಫೋನಿನಲ್ಲಿ ನಮಗೆ ಸ್ವಾಹಿಲಿ ಪಾಠ ಹೇಳಲು ಒಪ್ಪಿದನು. ಅಲ್ಲಿ ಹೊತ್ತಿನ ಎಣಿಕೆ ಸೂರ್ಯೋದಯದಿಂದ, ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ, ಎಂದು ಅವನು ಹೇಳಿದಾಗ ಹುಡುಗರು ತಬ್ಬಿಬ್ಬಾದರೆ, ನಮ್ಮೊಡನೆ ಹೊರಟಿದ್ದ ಅಜ್ಜಂಪುರದ ಚಿಕ್ಕಮ್ಮ ಮಾತ್ರ, "ಅದ್ರಲ್ಲೇನು ಹೊಸದು? ನಮ್ಮ ಗಳಿಗೆ ಲೆಕ್ಕಾನೂ ಹೊತ್ತು ಹುಟ್ಟಿದ ಮೇಲಿಂದ್ಲೇ" ಎಂದು ಸೊಪ್ಪು ಬಿಡಿಸುತ್ತಲೇ ಪಾಠ ಮುಂದುವರಿಸಿದರು.

ಕಾಗದಪತ್ರಗಳ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ, ಆದರೆ ಉಪೇಕ್ಷಿಸತಕ್ಕದ್ದಲ್ಲ. ಹೆಸರಿನ ಮುಂದೆ ಊರಿನದೂ ತಂದೆಯದೂ ಇನಿಷಿಯಲ್ ಹಚ್ಚಿಕೊಂಡು ಬಾಳಿದ ನಮಗೆ ಪಾಸ್‌ಪೋರ್ಟು ಅವನ್ನೆಲ್ಲ ಬಿಡಿಸಿ ಬರೆಯೆನ್ನುತ್ತದೆ. ಹಾಗೆ ಬಿಡಿಸಿದ ಹೆಸರೇ ಟಿಕೇಟಿನಲ್ಲಿಯೂ ಅಕ್ಷರಶಃ ಇರಬೇಕು. ಪೀತಜ್ವರದ ಲಸಿಕೆ ಹತ್ತು ದಿನ ಕಳೆದ ಮೇಲೆಯೇ ಊರ್ಜಿತ. ಆ ಚೀಟಿಯಿಲ್ಲದೆ ಹಿಂದಿರುಗಿದವರನ್ನು ನಮ್ಮ ಸರ್ಕಾರವೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಬೀರೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಚುಚ್ಚಿಸಿಕೊಂಡೆವು. ಅರವತ್ತು ದಾಟಿದವರಿಗೆ ಇದನ್ನು ಮೊದಲ ಸಲ ಕೊಡಲು ವೈದ್ಯರು ಹಿಂದುಮುಂದು ನೋಡುವುದರಿಂದ, ಚಿಕ್ಕಮ್ಮನ ಆರೋಗ್ಯದ ವಿಚಾರಣೆ ಅರ್ಧ ದಿವಸ ನಡೆಯಿತು.

ಇನ್ನು ಗಂಟುಮೂಟೆ. ಕೀನ್ಯಾದಲ್ಲಿ 2017ರ ಆಗಸ್ಟಿನಿಂದ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ. ಆದುದರಿಂದ ತರೀಕೆರೆಯ ಹೆಂಗಸರು ಹಳೆಯ ಸೀರೆಗಳನ್ನು ಕತ್ತರಿಸಿ, ಚಟ್ನಿಪುಡಿಗೊಂದು, ಅವಲಕ್ಕಿಗೊಂದು ಎಂದು ಲಾಡಿ ಎಳೆಯುವ ಚೀಲಗಳನ್ನು ಹೊಲಿದರು. ಅಜ್ಜಂಪುರದವರು ಕಟ್ಟಿಟ್ಟ ಈರುಳ್ಳಿ ಬೀಜವನ್ನು ತೆಗೆಸಿದೆವು. ಬಿತ್ತನೆಯ ಬೀಜವನ್ನು ರೋಗಮುಕ್ತವೆಂಬ ಪ್ರಮಾಣಪತ್ರವಿಲ್ಲದೆ ಗಡಿ ದಾಟಿಸಲಾಗದು. ಕೊಬ್ಬರಿ ಮಿಠಾಯಿಯನ್ನು ತೆಗೆಸಿದವರು ಕಡೂರಿನ ತೆಂಗಿನ ರೈತರು: "ಅದೂ ತೆಂಗಿನ ಸೀಮೆಯಂತೆ. ಬೆಲ್ಲದೂರಿಗೆ ಯಾರಾದ್ರೂ ಬೆಲ್ಲ ಹೊತ್ಕೊಂಡು ಹೋಗ್ತಾರಾ?"

ಈ ರೈತರನ್ನು ಜೊತೆಗೆ ಸೇರಿಸಿಕೊಂಡುದೇ, ಹೋಗಿಬಂದ ಮೇಲೆ ನೋಡಿದರೆ, ನಮ್ಮ ಸಿದ್ಧತೆಯಲ್ಲೆಲ್ಲ ಸಾರ್ಥಕವಾದುದು. ಇಂಗ್ಲಿಷ್ ಬಾರದ ಅವರು ಏಕೆಂದು ಕೆಲವರು ಗೊಣಗಿದ್ದರು. ಆದರೆ ನಿಮಗೆ ನಮ್ಮಿಂದೇನು ಬೇಕೆಂದು ಕೇಳಿ ಬರೆದ ಕಾಗದಕ್ಕೆ ಅಲ್ಲಿಯ ಹಿರಿಯರು ಕೊಟ್ಟ ಉತ್ತರದಲ್ಲಿ, ಒಂದು ಹಾಡನ್ನು ನಿಮ್ಮ ಭಾಷೆಯಲ್ಲಿ ಹಾಡಿ, ತೆಂಗು ಬೆಳೆಯುವವರಿದ್ದರೆ ಒಬ್ಬರನ್ನು ಕರೆತನ್ನಿ, ಎಂದಿಷ್ಟೇ ಇತ್ತು. ರೈತರು ನನ್ನ ಕೈಯಲ್ಲಿ ನೋಟ್‌ಬುಕ್ಕು ಕೊಟ್ಟು ಬರೆಸಿದರು: ಗಿಡದಿಂದ ಗಿಡಕ್ಕೆ ಎಷ್ಟು ಅಡಿ, ಬರಗಾಲದಲ್ಲಿ ನೀರೆಲ್ಲಿಯದು, ಸುಳಿ ಕೊರೆಯುವ ಕುರುವಾಯಿ ದುಂಬಿಗೆ ನೀವೇನು ಮಾಡುತ್ತೀರಿ. ಬರೆಸಿದುದೆಲ್ಲ ಪ್ರಶ್ನೆಗಳೇ. ದುಂಬಿಯನ್ನು ಸುಳಿಯಿಂದ ಎಳೆದು ತೆಗೆಯುವ ಕಬ್ಬಿಣದ ಕೊಕ್ಕೆಯನ್ನು ಸೀರೆಯ ತುಂಡಿನಲ್ಲಿ ಸುತ್ತಿ, ಕೈಚೀಲದಲ್ಲಿ ಬಿಡರೆಂದು ದೊಡ್ಡ ಪೆಟ್ಟಿಗೆಗೆ ಹಾಕಿದೆವು. ಅಲ್ಲಿಗೆ ತಲುಪಿದ ಮೇಲೆ, ಮರ ಹತ್ತುವ ಮುದುಕನೊಬ್ಬನು ಆ ಕೊಕ್ಕೆಯನ್ನು ತಿರುಗಿಸಿ ನೋಡಿ, ಒಳಗಿನಿಂದ ತನ್ನದನ್ನು ತಂದು ಪಕ್ಕದಲ್ಲಿಟ್ಟನು. ಬಾಗು ಒಂದೇ, ಹಿಡಿ ಮಾತ್ರ ಬೇರೆ. ನಮ್ಮ ಸಭಾಪಾಲಕ ಅಯ್ಯನವರ ಬೋಧನೆಗೆಂದು ಗೊತ್ತುಮಾಡಿದ್ದ ಆ ಶನಿವಾರದ ಮಧ್ಯಾಹ್ನವೆಲ್ಲ ತೋಟದಲ್ಲಿಯೇ ಕಳೆಯಿತು. ಅಯ್ಯನವರೂ ಪಂಚೆ ಎತ್ತಿಕಟ್ಟಿ, ಅಲ್ಲಿಯ ಹುಡುಗರೊಡನೆ ಗೊಬ್ಬರದ ಗುಂಡಿಯಲ್ಲಿ ದುಂಬಿಯ ಹುಳುಗಳನ್ನು ಹೆಕ್ಕುತ್ತಿದ್ದರು.