ಊರ ಗುಡ್ಡದ ಅಪರೂಪದ ಗಿಡ: ದಾಖಲೆಗೆ ಸೇರಿಸುವುದು ನಿಮ್ಮ ಹಕ್ಕು

ಬಯಲುಸೀಮೆಯ ಕಲ್ಲುಗುಡ್ಡಗಳ ಮಾಕಳಿ ಬೇರನ್ನು ಉಪ್ಪಿನಕಾಯಿಗೆಂದು ಬುಡಸಮೇತ ಅಗೆಯುತ್ತಾರೆ. ಬೇರು ಹೋದರೆ ಬಳ್ಳಿಯೂ ಹೋಯಿತು. ದಕ್ಷಿಣ ಭಾರತ ಬಿಟ್ಟರೆ ಇದು ತಾನಾಗಿ ಬೆಳೆಯುವ ನೆಲ ಬೇರೆಲ್ಲೂ ಇಲ್ಲ. ನಿಮ್ಮೂರಿನ ಸರ್ಕಾರಿ ಜಾಗದಲ್ಲಿ ಇಂಥ ಗಿಡ ಕಂಡರೆ ಏನು ಮಾಡಬೇಕು?

ಮೊದಲು ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. ಗೋಮಾಳವಾದರೆ ತಹಶೀಲ್ದಾರರನ್ನು ಕಾಣಬೇಕು, ಮೀಸಲು ಅರಣ್ಯವಾದರೆ ವಲಯ ಅರಣ್ಯಾಧಿಕಾರಿಯನ್ನು. ಚಿತ್ರದುರ್ಗದ ಜೋಗಿಮಟ್ಟಿಯಂಥ ವನ್ಯಜೀವಿ ಧಾಮದಲ್ಲಿ ನಿಯಮ ಇನ್ನೂ ಬಿಗಿ. ಅಲ್ಲಿ ಗಿಡಗಳ ಅಧ್ಯಯನಕ್ಕೆ ಹೋಗಲೂ 1972ರ ವನ್ಯಜೀವಿ ಕಾಯ್ದೆಯ 28ನೇ ಕಲಂ ಪ್ರಕಾರ ಅನುಮತಿ ಪಡೆಯಬೇಕು. ಮಾದರಿಗೆಂದು ಗಿಡ ಕೀಳಬೇಡಿ. ಫೋಟೊ ಸಾಕು.

ನಿಜವಾದ ಬಲ ಇರುವುದು ಗ್ರಾಮ ಪಂಚಾಯಿತಿಯಲ್ಲಿ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಂ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಬೆಳೆ, ತಳಿ, ನಾಟಿ ವೈದ್ಯದ ತಿಳಿವಳಿಕೆ ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡುವುದು ಈ ಸಮಿತಿಯ ಕೆಲಸ. ನಿಮ್ಮ ಪ್ರದೇಶದ ಸಸ್ಯಸಂಪತ್ತಿನ ಬಳಕೆಯ ಬಗ್ಗೆ ತೀರ್ಮಾನಿಸುವಾಗ ರಾಜ್ಯ ಜೀವವೈವಿಧ್ಯ ಮಂಡಳಿ ಈ ಸಮಿತಿಯನ್ನು ಕೇಳಲೇಬೇಕು. ವ್ಯಾಪಾರಕ್ಕೆ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರವೂ ಸಮಿತಿಗಿದೆ. ವ್ಯಾಪಾರಕ್ಕೆ ಸಸ್ಯಸಂಪತ್ತು ಪಡೆಯುವ ಮುನ್ನ ರಾಜ್ಯ ಮಂಡಳಿಗೆ ತಿಳಿಸಬೇಕೆಂಬ ನಿಯಮದಿಂದ ಸ್ಥಳೀಯ ಜನರಿಗೆ, ಬೆಳೆಗಾರರಿಗೆ, ನಾಟಿ ವೈದ್ಯರಿಗೆ 7ನೇ ಕಲಂ ವಿನಾಯಿತಿ ಕೊಟ್ಟಿದೆ.

ಈ ದಾಖಲಾತಿ 2020ರ ಜನವರಿ 31ರೊಳಗೆ ಮುಗಿಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟಿತ್ತು. ಗಡುವಿನ ಅವಸರದಲ್ಲಿ ಬೇವು, ಹೊಂಗೆ, ಹುಣಸೆ ಬರೆದು ಮುಗಿಸಿದ್ದರೆ ಆ ಪುಸ್ತಕ ನಿಮ್ಮ ಗುಡ್ಡವನ್ನು ಕಾಯಲಾರದು. ಅದನ್ನು ಒಮ್ಮೆ ಓದಲೇಬೇಕು. ಪಿಡಿಒ ತೋರಿಸದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಗಿಡ ಬಿಟ್ಟುಹೋಗಿದ್ದರೆ ಅದರ ಊರ ಹೆಸರು, ಸರ್ವೆ ನಂಬರ್, ಹೂ ಬಿಡುವ ತಿಂಗಳು ಬರೆದು, ಫೋಟೊ ಲಗತ್ತಿಸಿ ಸಮಿತಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಗಿಡ ಗುರುತಿಸುವುದರಲ್ಲಿ ಕುರಿಗಾಹಿಗಳಿಗಿಂತ ಬಲ್ಲವರು ಸಿಗುವುದು ಕಷ್ಟ. ಅವರನ್ನು ಜೊತೆಗೆ ಕರೆದೊಯ್ಯಿರಿ. ಆದರೆ ಬೆಲೆಬಾಳುವ ಗಿಡವಿರುವ ನಿಖರ ಜಾಗವನ್ನು ವಾಟ್ಸಾಪ್‌ನಲ್ಲಿ ಹಂಚಬೇಡಿ.

ತಡವಾದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಚಿತ್ರದುರ್ಗದ ಪಕ್ಕದ ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಅಮೃತಮಹಲ್ ಕಾವಲು (ಹುಲ್ಲುಗಾವಲು) ವಿವಿಧ ಸಂಸ್ಥೆಗಳಿಗೆ ಹಂಚಿಕೆಯಾದ ಮೇಲಷ್ಟೇ ಪ್ರಕರಣ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ನಮ್ಮ ಭಾಗಕ್ಕೆ ಅದರ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಜೀವವೈವಿಧ್ಯ ಕಾಯ್ದೆ ಅದರ ವ್ಯಾಪ್ತಿಗೆ ಬರುತ್ತದೆ, ವನ್ಯಜೀವಿ ಕಾಯ್ದೆ ಬರುವುದಿಲ್ಲ. ವಿವಾದ ಹುಟ್ಟಿದ 6 ತಿಂಗಳೊಳಗೆ ಅರ್ಜಿ ಹಾಕಬೇಕು.

ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಜೀವವೈವಿಧ್ಯ ಕಾಯ್ದೆಯ 37ನೇ ಕಲಂನಡಿ ಅಂಥ ತಾಣದ ಪ್ರಸ್ತಾವ ಕಳಿಸಲು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಪಂಚಾಯಿತಿಗಳಿಗೂ ಅವಕಾಶವಿದೆ. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸುವಂತೆ ಇಂದೇ ಬರೆದುಕೊಡಿ.